ಕಂಠೀರವ ನರಸರಾಜ ಒಡೆಯರು: ಬದುಕು ಮತ್ತು ಹಣ

ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರು ಹದಿನೈದು-ಹದಿನಾರನೆಯ ಶತಮಾನಗಳಲ್ಲಿ ಪ್ರಬಲವಾದೊಂದು ಮನೆತನದ ನೆಲೆಯಾಗಿತ್ತು. ಪೆನುಕೊಂಡೆಯ ಮೇಲೆ ಹಕ್ಕು ಸಾಧಿಸಹೊರಟ ಅಲ್ಲಿನ ಗಂಗರಾಜನನ್ನು ಕೃಷ್ಣದೇವರಾಯನು ತನ್ನ ಆಳ್ವಿಕೆಯ ಆರಂಭದ ವರ್ಷಗಳಲ್ಲೇ ಶಿವನಸಮುದ್ರದಲ್ಲಿ ಸೋಲಿಸಿದನು. ಒಂದು ಶತಮಾನದ ತರುವಾಯ ಮೈಸೂರಿನ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನೂ 1613ರಲ್ಲಿ ಉಮ್ಮತ್ತೂರನ್ನೂ ವಶಪಡಿಸಿಕೊಂಡರು. ಇದಾದ ಎರಡು ವರ್ಷಗಳಿಗೆ, 1615ರಲ್ಲಿ, ಕಂಠೀರವ ನರಸರಾಜ ಒಡೆಯರು ಜನಿಸಿದರು. ಉಮ್ಮತ್ತೂರು ಕತ್ತಿಯ ಬಲದಿಂದ ಸಾಧಿಸಹೊರಟು ಕಳೆದುಕೊಂಡ ಸ್ವತಂತ್ರ ಅರಸುತನದ ಹಕ್ಕನ್ನು ಟಂಕಸಾಲೆಯ ಮೂಲಕ ಸಾರಿದವರು ಇವರೆಂದರೆ ತಪ್ಪಾಗಲಾರದು.

ಇವರ ತಂದೆ ರಾಜ ಒಡೆಯರ ತಮ್ಮಂದಿರಾದ ಬೆಟ್ಟದ ಚಾಮರಾಜ ಒಡೆಯರು. ಪಟ್ಟಕ್ಕೆ ಬರುವ ಮುನ್ನ ನರಸರಾಜರು ಇಂದಿನ ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯಲ್ಲಿದ್ದರೆಂದೂ, ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಹೆಸರಾಂತ ಜಟ್ಟಿಯೊಬ್ಬನನ್ನು ಸೋಲಿಸಿ, ಸನ್ಮಾನಕ್ಕೂ ಕಾಯದೆ ಹಿಂದಿರುಗಿದರೆಂದೂ ಪರಂಪರೆಯಿದೆ. 1638ರಲ್ಲಿ ಇಮ್ಮಡಿ ರಾಜ ಒಡೆಯರು ಅಕಾಲ ಮರಣಕ್ಕೀಡಾದಾಗ ಸಿಂಹಾಸನ ಇವರಿಗೆ ಬಂದಿತು. ಆ ಸಾವಿಗೆ ದಳವಾಯಿ ವಿಕ್ರಮರಾಯನೇ ಕಾರಣನೆಂಬ ಮಾತಿದ್ದು, ಹೊಸ ಅರಸರ ಆಳ್ವಿಕೆಯ ಮೊದಲಲ್ಲೇ ಅವನ ಕಥೆಯೂ ಮುಗಿಯಿತು. ಮರುವರ್ಷವೇ ಬಿಜಾಪುರದ ರಣದುಲ್ಲಾಖಾನನು ಶ್ರೀರಂಗಪಟ್ಟಣವನ್ನು ಮುತ್ತಿದನು. ಇಕ್ಕೇರಿಯನ್ನು ಮಣಿಸಿ, ಬೆಂಗಳೂರನ್ನು ಗೆದ್ದು ಬಂದಿದ್ದ ಆ ಸೈನ್ಯ ಇಲ್ಲಿ ಹಿಮ್ಮೆಟ್ಟಬೇಕಾಯಿತು. ಗೋವಿಂದವೈದ್ಯನ ಹೆಸರಿನಲ್ಲಿ ಪ್ರಸಿದ್ಧವಾದ, 1648ರ ಕಂಠೀರವ ನರಸರಾಜ ವಿಜಯವು ಈ ಯುದ್ಧವನ್ನೂ ಪಟ್ಟಣದ ನವರಾತ್ರಿಯ ವೈಭವವನ್ನೂ ವಿಸ್ತಾರವಾಗಿ ಬಣ್ಣಿಸುವ ಸಾಂಗತ್ಯ ಕೃತಿ. ದಕ್ಷಿಣದಲ್ಲಿ ಘಟ್ಟದ ಕೆಳಗಿನ ಸತ್ಯಮಂಗಲ, ದಣಾಯಕನಕೋಟೆಗಳೂ ಮೈಸೂರಿಗೆ ಸೇರಿದವು.

1645ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ಆರಂಭವಾಯಿತು. ವಿಜಯನಗರದ ಹೆಸರಿನ ಅರಸ ಮೂರನೆಯ ಶ್ರೀರಂಗರಾಯನು ಇನ್ನೂ ಇದ್ದ ಕಾಲವದು. ಮೈಸೂರು ಅರಸರಲ್ಲಿ ತಮ್ಮ ಹೆಸರಿನ ನಾಣ್ಯವನ್ನು ಮೊದಲು ಅಚ್ಚು ಹಾಕಿಸಿದವರು ಇವರೇ. ಕಂಠೀರಾಯಿ ಹಣವೆಂದು ಜನ ಕರೆದ ಈ ಚಿನ್ನದ ನಾಣ್ಯದ ಅಗಲ ಒಂದು ಸೆಂಟಿಮೀಟರಿಗಿಂತ ಕಡಿಮೆ. ತೂಕ ಒಂದು ಗ್ರಾಮಿನ ಮೂರನೆಯ ಒಂದು ಭಾಗದ ಆಸುಪಾಸು. ಒಂದು ಮುಖದಲ್ಲಿ ಕುಳಿತ ನರಸಿಂಹ. ಇನ್ನೊಂದರಲ್ಲಿ ನಾಗರಿ ಲಿಪಿಯ ಶ್ರೀ ಕಂಠೀರವ. ಕಂಠೀರವವೆಂದರೆ ಸಿಂಹ, ನರಸನೆಂದರೆ ನರಸಿಂಹ. ದೈವದ ಬಿಂಬವೂ ಅರಸನ ಹೆಸರೂ ಒಂದನ್ನೊಂದು ಸೂಚಿಸುವಂತೆ ಕೂಡಿಬಂದಿರುವುದು ಆಕಸ್ಮಿಕವೆನಿಸುವುದಿಲ್ಲ. ಕನ್ನಡ ಕಾವ್ಯಕ್ಕೆ ಆಶ್ರಯವಿತ್ತ ಅರಸರ ಹಣದ ಮೇಲೆ ನಾಗರಿ ಏಕೆ ಎಂದು ನಮ್ಮ ವಿದ್ಯಾರ್ಥಿಗಳು ಕೇಳುವುದುಂಟು. ವಿಜಯನಗರದ ವರಹಗಳ ರೂಢಿ ಅದಾಗಿತ್ತು. ಉತ್ತರಾಧಿಕಾರವನ್ನು ಸಾರಬಯಸಿದವರು ಆ ರೂಢಿಯನ್ನು ಬಿಡುವುದು ಕಷ್ಟ.

ಇಷ್ಟು ಚಿಕ್ಕ ನಾಣ್ಯವನ್ನು ಬರಿಗಣ್ಣಿನಿಂದ ಓದುವುದು ಪ್ರಯಾಸದ ಕೆಲಸ. ಹತ್ತು ಹದಿನೈದು ಪಟ್ಟು ಹಿಗ್ಗಿಸಿದ ಛಾಯಾಚಿತ್ರದಲ್ಲಿ ಮಾತ್ರ ಅದು ಮಾತನಾಡತೊಡಗುತ್ತದೆ. ಅಚ್ಚು ದೊಡ್ಡದು, ಬಿಲ್ಲೆ ಸಣ್ಣದು. ಆದ್ದರಿಂದ ಯಾವ ಬಿಲ್ಲೆಯಲ್ಲೂ ಲೇಖ ಪೂರ್ತಿಯಾಗಿ ಬೀಳುವುದಿಲ್ಲ. ಒಂದರಲ್ಲಿ ಶ್ರೀಕಾರದ ಬಾಲವಷ್ಟೇ ಉಳಿದರೆ ಇನ್ನೊಂದರಲ್ಲಿ ಠಕಾರದ ದುಂಡು ಮಾತ್ರ. ಒಂದೇ ಅಚ್ಚಿನಿಂದ ಬಂದ ಹಲವು ಬಿಲ್ಲೆಗಳ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು, ಹರಿದ ಓಲೆಯ ತುಣುಕುಗಳನ್ನು ಕೂಡಿಸುವಂತೆ ಅಚ್ಚಿನ ಪೂರ್ಣ ರೂಪವನ್ನು ಕಟ್ಟಿಕೊಳ್ಳಬೇಕು. ಬೆಳಕು ಓರೆಯಾಗಿ ಬೀಳಬೇಕು. ಅದೂ ಎರಡು ದಿಕ್ಕಿನಿಂದ ತೆಗೆದ ಎರಡು ಚಿತ್ರಗಳಿರಬೇಕು. ಒಂದೇ ದಿಕ್ಕಿನ ಬೆಳಕಿನಲ್ಲಿ ತಗ್ಗು ಉಬ್ಬಾಗಿ ಕಂಡು, ಇಲ್ಲದ ಅಕ್ಷರವನ್ನು ಓದಿಸಿಬಿಡುವುದುಂಟು. ಹಸ್ತಪ್ರತಿಗಳ ಪಾಠಪರಿಷ್ಕರಣದಲ್ಲಿ ಪಳಗಿದವರಿಗೆ ಈ ಕೆಲಸ ಅಪರಿಚಿತವೆನಿಸದು.

ಆದರೆ ಮುಖ್ಯ ಸಮಸ್ಯೆ ಓದಿನದಲ್ಲ. ಲೇಖವು ಸ್ಪಷ್ಟವಾಗಿ ಶ್ರೀ ಕಂಠೀರವ ಎಂದಿದ್ದರೂ ಆ ಹಣವು ಆ ಅರಸರ ಕಾಲದ್ದೆಂದು ಹೇಳುವಂತಿಲ್ಲ. 1659ರಲ್ಲಿ ಇವರು ತೀರಿಕೊಂಡರು; ಹಣ ತೀರಿಹೋಗಲಿಲ್ಲ. ಚಿಕ್ಕದೇವರಾಜ ಒಡೆಯರು ತಮ್ಮದೇ ನಾಣ್ಯಗಳನ್ನು ಹೊರಡಿಸಿದ ಮೇಲೂ, ಹೈದರ್ ಅಲಿ ಶಿವಪಾರ್ವತಿಯರ ವರಹವನ್ನು ಅಚ್ಚು ಹಾಕಿಸಿದ ಮೇಲೂ ಈ ಹೆಸರು ಚಲಾವಣೆಯಲ್ಲಿತ್ತು. ಹತ್ತು ಹಣಕ್ಕೆ ಒಂದು ಕಂಠೀರಾಯಿ ವರಹವೆಂಬ ಲೆಕ್ಕವಿತ್ತಾದರೂ ಆ ವರಹ ಕಡತದಲ್ಲಿ ಮಾತ್ರ ಇದ್ದ ನಾಣ್ಯ. 1799ರಲ್ಲಿ ಮೈಸೂರನ್ನು ಹಂಚಿಕೊಂಡ ಒಪ್ಪಂದದ ಪಟ್ಟಿಗಳೂ ಕಂದಾಯವನ್ನು ಅದರಲ್ಲೇ ಎಣಿಸಿವೆ. ಬಳಿಕ ದಿವಾನ್ ಪೂರ್ಣಯ್ಯನವರು ಹಳೆಯ ಹಣವನ್ನು ಹಿಂದಕ್ಕೆ ಪಡೆದು, ಅದೇ ಹೆಸರಿನಲ್ಲಿ ಗಿಡ್ಡ ಕಂಠೀರಾಯಿಯನ್ನು ಅಚ್ಚು ಹಾಕಿಸಿದರು. ಅರಸರು ತೀರಿಕೊಂಡು ಆಗಲೇ ನೂರನಲವತ್ತು ವರ್ಷಗಳು ಕಳೆದಿದ್ದವು.

ಹೀಗಾಗಿ ಇವರ ಚರಿತ್ರೆಗೆ ಸಾಕ್ಷಿಯಾಗಿ ಮುಂದಿಡುವ ಹಣವು ಪೂರ್ಣಯ್ಯನವರ ಕಾಲದ್ದಾಗಿರುವ ಸಾಧ್ಯತೆ ಸದಾ ಇದೆ. ಮುಖಗಳೆರಡರ ಚಿತ್ರ ಎಷ್ಟು ಸ್ಪಷ್ಟವಾಗಿದ್ದರೂ ಇಲ್ಲಿ ಸಾಲದು. ಗಿಡ್ಡ ಹಣದ ಲಕ್ಷಣವಿರುವುದು ಅದರ ಕಿರಿದಾದ ಅಗಲ ಮತ್ತು ದಪ್ಪದಲ್ಲಿ. ಅಂಚಿನ ಚಿತ್ರ, ಅಳತೆಗೋಲು, ತೂಕ ಇವು ಜೊತೆಗಿರಬೇಕು. ನರಸಿಂಹನ ಮಡಿಸಿದ ಕಾಲಿನ ರೇಖೆ, ಮೇಲಿನ ಕೈಗಳ ಶಂಖಚಕ್ರಗಳು ಬರಿಯ ಚುಕ್ಕೆಗಳಾಗಿ ಸವೆದಿವೆಯೋ ಇಲ್ಲವೇ ಅಚ್ಚು ಕೊರೆದವನೇ ಚುಕ್ಕೆಗಳನ್ನಾಗಿ ಮಾಡಿದ್ದಾನೋ ಎಂಬುದನ್ನು ಬೇರ್ಪಡಿಸಿ ನೋಡಬೇಕು. ಸವೆತದಲ್ಲಿ ಅಂಚುಗಳು ನುಣುಪಾಗುತ್ತವೆ. ಒರಟು ಕೊರೆತದಲ್ಲಿ ಅವು ಚೂಪಾಗಿಯೇ ಉಳಿಯುತ್ತವೆ. ಚಿನ್ನದ ಮಟ್ಟವನ್ನಂತೂ ಯಾವ ಛಾಯಾಚಿತ್ರವೂ ಹೇಳಲಾರದು. ಮಾರಾಟದ ಪಟ್ಟಿಗಳಲ್ಲಿ ಎರಡು ಮುಖಗಳನ್ನಷ್ಟೇ ತೋರಿಸಿ ಇವೆಲ್ಲಕ್ಕೂ 1638-1659 ಎಂದು ಕಾಲ ಹಾಕುವ ರೂಢಿಯನ್ನು ಸಂಶೋಧಕರು ಅನುಸರಿಸದಿರುವುದು ಒಳಿತು.

ಅರಸರ ಸ್ವಂತ ರೂಪವು ಹಣದ ಮೇಲೆ ಇಲ್ಲ. ಅದನ್ನು ನೋಡಬೇಕೆಂದರೆ ಅವರೇ ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ನರಸಿಂಹ ದೇವಾಲಯಕ್ಕೆ ಹೋಗಬೇಕು. ಅಲ್ಲಿ ಅವರು ಕಲ್ಲಿನಲ್ಲಿ ಕೈಮುಗಿದು ನಿಂತಿದ್ದಾರೆ.