ಆಲೂಗಡ್ಡೆ ಬೆಳೆಗಾರರ ಬೆನ್ನಿಗೆ ನಿಂತ ಆರಿ ಗೌಡರು

ಊಟಿ: ಗೂಡಲೂರು ಸಮೀಪದ ದೇವಾಲ, ಪಂದಲೂರು ಕಡೆ ಚಿನ್ನ ತೆಗೆಯಲು 1880ರ ಸುಮಾರಿಗೆ ಲಂಡನ್ನಿನ ಕಂಪನಿಗಳು ಲಕ್ಷಗಟ್ಟಲೆ ಪೌಂಡ್ ಸುರಿದವು. ಕೆಲವೇ ವರ್ಷಗಳಲ್ಲಿ ಎಲ್ಲಾ ಮುಳುಗಿತು. ಅದೇ ನೀಲಗಿರಿಯಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದ ಬಡಗ ರೈತನಿಗೆ ಮಾತ್ರ ಬೀಜಕ್ಕೆ, ಗೊಬ್ಬರಕ್ಕೆ ದುಡ್ಡು ಬೇಕೆಂದರೆ ಮೆಟ್ಟುಪಾಳ್ಯದ ಮಂಡಿ ಸಾಹುಕಾರರೇ ಗತಿ. ಸಾಲ ಕೊಟ್ಟವರ ಮಂಡಿಗೇ ಮೂಟೆ ಇಳಿಸಬೇಕು. ದರ ಅವರದೇ, ಲೆಕ್ಕವೂ ಅವರದೇ, ಕಮಿಷನ್ ಬೇರೆ. ವಾಪಸ್ ಘಾಟಿ ಹತ್ತುವಾಗ ಕೈಯಲ್ಲಿ ಉಳಿಯುತ್ತಿದ್ದುದು ಅಷ್ಟಕ್ಕಷ್ಟೆ.

ಈ ಗಂಟು ಬಿಡಿಸಲು ಹೊರಟವರು ಕೂನೂರು ಬಳಿಯ ಹುಬ್ಬತಲೆಯ ಎಚ್.ಬಿ. ಆರಿ ಗೌಡರು. 1893ರಲ್ಲಿ ಹುಟ್ಟಿದ ಅವರು ಬಡಗರಲ್ಲೇ ಮೊದಲ ಪದವೀಧರ. ತಂದೆ ರಾವ್ ಬಹದ್ದೂರ್ ಬೆಳ್ಳಿ ಗೌಡರು ನೀಲಗಿರಿ ರೈಲು ಮಾರ್ಗದ ಕಂಟ್ರಾಕ್ಟರ್. ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ, ಆರಾಮಾಗಿ ಇದ್ದುಬಿಡಬಹುದಿತ್ತು. ಮಗ ಮದ್ರಾಸ್ ಶಾಸನಸಭೆಗೆ ಹೋದರು. ಊರಿನ ರೈತರ ಸಾಲವನ್ನು ಮಾತ್ರ ಮರೆಯಲಿಲ್ಲ.

1935ರಲ್ಲಿ ಅವರ ಮುಂದಾಳತ್ವದಲ್ಲಿ ನೀಲಗಿರಿ ಸಹಕಾರಿ ಮಾರಾಟ ಸಂಘ ಶುರುವಾಯಿತು. ಬ್ಯಾಂಕ್ ಅಂತ ಬೋರ್ಡು ಇರಲಿಲ್ಲ ನಿಜ. ಆದರೆ ಬೆಳೆಗಾರರಿಗೆ ಮುಂಗಡ, ಗೊಬ್ಬರ ಸಿಗತೊಡಗಿತು. ಸಾಹುಕಾರರ ಊರಾದ ಮೆಟ್ಟುಪಾಳ್ಯದಲ್ಲೇ ಸಂಘದ ಹರಾಜು ಅಂಗಳ ಎದ್ದಿತು. ದರ ಎಲ್ಲರೆದುರಿಗೇ ಕೂಗಿ ಆಗಬೇಕು. ಮಂಡಿಗಳೇನೂ ಮುಚ್ಚಲಿಲ್ಲ ಬಿಡಿ. ಆದರೂ ರೈತನಿಗೆ ಮೂಟೆ ಇಳಿಸಲು ಇನ್ನೊಂದು ಬಾಗಿಲು ತೆರೆಯಿತು.

ಹಲವು ವರ್ಷ ಸಂಘದ ಅಧ್ಯಕ್ಷರಾಗಿದ್ದ ಗೌಡರು 1971ರಲ್ಲಿ ತೀರಿಕೊಂಡರು. ಚೆನ್ನೈನ ಪಶ್ಚಿಮ ಮಾಂಬಲದಲ್ಲಿ ಅವರ ಹೆಸರಿನ ರಸ್ತೆಯೊಂದಿದೆ. ಅಲ್ಲಿನವರ ಬಾಯಲ್ಲಿ ಆರಿ ಗೌಡರು ‘ಆರ್ಯ ಗೌಡ’ರಾಗಿದ್ದಾರೆ, ಅಷ್ಟೆ.