ಕಪ್ಪು ಗುಲಾಬಿಯ ಗಾಯಕ

ಜನಪದ ಗೀತೆಗೆ ವಿದ್ಯುತ್ ವಾದ್ಯದ ಸಹವಾಸ ಸಲ್ಲದೆಂದು ನಾನು ಬಹುಕಾಲ ನಂಬಿದ್ದೆ. ತರಗತಿಯಲ್ಲಿ ಹಾಗೆ ಬೋಧಿಸಿದ್ದೂ ಉಂಟು. ಆ ನಂಬಿಕೆಯನ್ನು ಅಲುಗಿಸಿದವನು ಐರ್ಲೆಂಡಿನ ಫಿಲ್ ಲೈನಟ್.

ಆತ ಹುಟ್ಟಿದ್ದು 1949ರ ಆಗಸ್ಟ್ 20ರಂದು, ಇಂಗ್ಲೆಂಡಿನಲ್ಲಿ. ತಾಯಿ ಫಿಲೋಮಿನಾ ಐರಿಷ್ ತರುಣಿ. ತಂದೆ ದಕ್ಷಿಣ ಅಮೆರಿಕದ ಗಯಾನಾದ ಕಪ್ಪು ವರ್ಣದವನು. ಬಾಲಕ ಬೆಳೆದದ್ದು ಡಬ್ಲಿನ್ ನಗರದ ಕ್ರಮ್ಲಿನ್ ಬಡಾವಣೆಯಲ್ಲಿ, ಅಜ್ಜಿಯ ಆಶ್ರಯದಲ್ಲಿ. ಬಿಳಿಯರೇ ತುಂಬಿದ್ದ ಆ ನೆರೆಹೊರೆಯಲ್ಲಿ ತಾನು ಯಾವ ನೆಲದವನೆಂಬ ಪ್ರಶ್ನೆ ಅವನ ಬೆನ್ನಿಗೇ ಇತ್ತು.

ತಾರುಣ್ಯದಲ್ಲಿ ಅವನು ಕೇವಲ ಗಾಯಕ. ಸ್ಕಿಡ್ ರೋ ಮೇಳದಿಂದ ಅವನನ್ನು ಕೈಬಿಟ್ಟ ಬ್ರಷ್ ಶೀಲ್ಸನೇ ಅವನಿಗೆ ಬಾಸ್ ಗಿಟಾರ್ ಕಲಿಸಿದ. 1969ರಲ್ಲಿ ಡ್ರಮ್ ವಾದಕ ಬ್ರಯಾನ್ ಡೌನಿ ಮೊದಲಾದವರೊಡನೆ ಲೈನಟ್ ‘ಥಿನ್ ಲಿಜ್ಜಿ’ ಮೇಳವನ್ನು ಕಟ್ಟಿದ. ದಾರಿಗಳ್ಳನೊಬ್ಬನ ಹಳೆಯ ಐರಿಷ್ ಲಾವಣಿಯನ್ನು ರಾಕ್ ಸಂಗೀತಕ್ಕೆ ಅಳವಡಿಸಿ 1972ರಲ್ಲಿ ಹೊರತಂದಾಗ, ಅದು ಮರುವರ್ಷ ಬ್ರಿಟನ್ನಿನ ಜನಪ್ರಿಯ ಗೀತೆಗಳಲ್ಲಿ ಆರನೆಯ ಸ್ಥಾನಕ್ಕೇರಿತು. 1976ರ ‘ಜೈಲ್‌ಬ್ರೇಕ್’ ಧ್ವನಿಮುದ್ರಿಕೆ ಅವನ ಕೀರ್ತಿಯನ್ನು ಅಮೆರಿಕದವರೆಗೂ ಒಯ್ದಿತು.

ಅವನ ಮೇಳದಲ್ಲಿ ಎರಡು ಗಿಟಾರುಗಳು ಜೊತೆಜೊತೆಯಾಗಿ ಒಂದೇ ರಾಗವನ್ನು ಹೆಣೆಯುತ್ತಿದ್ದವು. ಕೆಳಗೆ ಅವನ ಬಾಸ್ ಮಂದ್ರದಲ್ಲಿ ನಡೆಯನ್ನು ಹಿಡಿದಿರುತ್ತಿತ್ತು. ಕಂಠ ಮಾತ್ರ ತಾಳಕ್ಕೆ ತುಸು ಹಿಂದೆ ಸರಿದು, ಜಗಲಿಯ ಮೇಲೆ ಕುಳಿತು ಕತೆ ಹೇಳುವವನಂತೆ ಸಾಗುತ್ತಿತ್ತು. ಬ್ಲೂಸ್, ಸೋಲ್, ಐರಿಷ್ ಜಾನಪದ, ಇವೆಲ್ಲ ಅಲ್ಲಿ ಒಂದೇ ಮನೆಯ ಮಕ್ಕಳು. ಅವನು ಕವಿತಾ ಸಂಗ್ರಹಗಳನ್ನೂ ಪ್ರಕಟಿಸಿದ್ದನೆಂಬುದು ನನಗೆ ಅಚ್ಚರಿ ತರಲಿಲ್ಲ.

1979ರ ಧ್ವನಿಮುದ್ರಿಕೆಗೆ ಅವನಿಟ್ಟ ಹೆಸರು ‘ಬ್ಲಾಕ್ ರೋಸ್’. ಕಪ್ಪು ಗುಲಾಬಿಯೆಂಬುದು ಹಳೆಯ ಐರಿಷ್ ಕಾವ್ಯದಲ್ಲಿ ತಾಯ್ನಾಡಿಗೇ ಸಂಕೇತ. ಆ ಹೆಸರನ್ನು ಕಪ್ಪು ಮೈಬಣ್ಣದ ಐರಿಷ್ ಮಗನೊಬ್ಬ ಆರಿಸಿಕೊಂಡನಷ್ಟೆ! ಅವನ ಜೀವನದ ಪ್ರಶ್ನೆಗೆ ಇದಕ್ಕಿಂತ ಸೊಗಸಾದ ಉತ್ತರ ನನಗೆ ಕಾಣದು.

ಆದರೆ ಮಾದಕ ವಸ್ತುವಿನ ಚಟ ಅವನನ್ನು ಒಳಗಿನಿಂದ ತಿನ್ನುತ್ತಿತ್ತು. 1983ರಲ್ಲಿ ಮೇಳ ಚದುರಿತು. 1985ರ ಕ್ರಿಸ್‌ಮಸ್ ದಿನ ಕುಸಿದು ಬಿದ್ದವನು 1986ರ ಜನವರಿ 4ರಂದು ತೀರಿಕೊಂಡ, ವಯಸ್ಸು 36. ಪ್ರತಿಭೆಯ ಹೆಸರಿನಲ್ಲಿ ಆ ಚಟವನ್ನು ಮನ್ನಿಸಲು ನನ್ನ ಮನಸ್ಸು ಒಪ್ಪದು.

2005ರಲ್ಲಿ ಡಬ್ಲಿನ್ ನಗರದ ಹ್ಯಾರಿ ಬೀದಿಯಲ್ಲಿ ಅವನ ಕಂಚಿನ ಪ್ರತಿಮೆ ನಿಂತಿತು. ಯಾವ ನೆಲದವನೆಂದು ಬಾಲ್ಯದಲ್ಲಿ ಕೇಳಿಸಿಕೊಂಡವನು ಈಗ ಆ ನೆಲದ ಗುರುತಾಗಿದ್ದಾನೆ. ಲಾವಣಿಯ ಪಾಠ ಬಂದಾಗ ನಾನು ಈಗ ಹಿಂದಿನಷ್ಟು ಖಚಿತವಾಗಿ ಮಾತನಾಡುವುದಿಲ್ಲ.