ಹಕ್ಕಿಗಳ ಹ್ಯೂಮರು

ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಮೆಟ್ಟಿಲಿಳಿದು ಬರುವಾಗಲೆಲ್ಲ ನನಗೆ ಕಳೆದುಹೋದ ಗ್ರಂಥಗಳ ನೆನಪಾಗುತ್ತದೆ. ಒಂದನೆಯ ಗುಣವರ್ಮನ 'ಶೂದ್ರಕ', ಪೊನ್ನನ 'ಭುವನೈಕರಾಮಾಭ್ಯುದಯ' ಇವುಗಳ ಹೆಸರು ಉಳಿದಿದೆ, ಗ್ರಂಥ ಉಳಿದಿಲ್ಲ. ತರಗತಿಯಲ್ಲಿ ಈ ಮಾತು ಬಂದಾಗ ಒಬ್ಬ ಆಂಗ್ಲ ಅಧಿಕಾರಿಯ ಕಥೆಯನ್ನೂ ಹೇಳುವುದು ನನ್ನ ವಾಡಿಕೆ. ಅವರೇ ಅಲನ್ ಆಕ್ಟೇವಿಯನ್ ಹ್ಯೂಮ್. ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬರೆಂದು ಅವರನ್ನು ವಿದ್ಯಾರ್ಥಿಗಳೆಲ್ಲ ಬಲ್ಲರು. ಪಕ್ಷಿವಿದ್ವಾಂಸರೆಂದು ಬಲ್ಲವರು ವಿರಳ.

ಹ್ಯೂಮರು ಹುಟ್ಟಿದ್ದು 1829ರಲ್ಲಿ. ತಂದೆ ಜೋಸೆಫ್ ಹ್ಯೂಮ್ ಸ್ಕಾಟ್ಲೆಂಡಿನ ಮಾಂಟ್ರೋಸಿನವರು, ಪಾರ್ಲಿಮೆಂಟಿನಲ್ಲಿ ಹೆಸರಾದ ಸುಧಾರಕರು. ಆ ನಾಡಿನ ಬೋಳುಗುಡ್ಡಗಳಲ್ಲಿ ವರ್ಷವರ್ಷವೂ ಆಗಸ್ಟ್ 12ರಂದು ಗ್ರೌಸ್ ಎಂಬ ಹಕ್ಕಿಯ ಬೇಟೆ ಆರಂಭವಾಗುತ್ತದೆ. ನಮ್ಮ ಹೊಲದಂಚಿನ ಗೌಜಲಕ್ಕಿ, ಲಾವುಗೆ, ಮಲೆನಾಡಿನ ಕಾಡುಕೋಳಿ, ಕೊನೆಗೆ ನವಿಲು ಸಹ ಗ್ರೌಸಿನ ಬಂಧುಗಳೇ. ಆ ಬೇಟೆಯ ರುಚಿ ಆಂಗ್ಲ ಅಧಿಕಾರಿಗಳೊಡನೆ ಹಡಗೇರಿ ಭಾರತಕ್ಕೂ ಬಂದಿತು. ಆದರೆ ಹ್ಯೂಮರಿಗೆ ಹೊಡೆದ ಹಕ್ಕಿಗಿಂತ ಅದನ್ನು ಕುರಿತ ಅರಿವು ದೊಡ್ಡದಾಗಿತ್ತು.

1849ರಲ್ಲಿ ಬಂದ ಅವರು ಇಟಾವಾ ಜಿಲ್ಲೆಯಲ್ಲಿ ಅಧಿಕಾರ ವಹಿಸಿ, ಹಳ್ಳಿಗರ ಮಕ್ಕಳಿಗೆ ಶಾಲೆಗಳನ್ನು ತೆರೆದರು. 1857ರ ದಂಗೆಯಲ್ಲಿ ಅವರ ಮೊದಲ ಪಕ್ಷಿಸಂಗ್ರಹ ನಾಶವಾಯಿತು. ದಂಗೆಗೆ ಆಡಳಿತದ ತಪ್ಪುಗಳೇ ಕಾರಣವೆಂದು ಬಗೆದ ಅಧಿಕಾರಿಗಳಲ್ಲಿ ಅವರೂ ಒಬ್ಬರು. ಸಂಗ್ರಹವನ್ನು ಮತ್ತೆ ಮೊದಲಿನಿಂದ ತೊಡಗಿದರು. ಸಿಮ್ಲಾದ ಅವರ ಮನೆ ವಸ್ತುಸಂಗ್ರಹಾಲಯವೇ ಆಯಿತು. 1872ರಲ್ಲಿ ಪಕ್ಷಿಗಳಿಗೆಂದೇ 'ಸ್ಟ್ರೇ ಫೆದರ್ಸ್' ಎಂಬ ಪತ್ರಿಕೆಯನ್ನು ಹೊರಡಿಸಿದರು. ನಮ್ಮ ಬೆಳಗಾವಿ, ಧಾರವಾಡಗಳು ಸೇರಿದ್ದ ಮುಂಬಯಿ ಆಧಿಪತ್ಯದ ದಕ್ಷಿಣ ಭಾಗದ ಪಕ್ಷಿಗಳ ಪಟ್ಟಿಯೂ ಅದರಲ್ಲಿ ಅಚ್ಚಾಯಿತು. ಮಾರ್ಷಲ್ ಎಂಬುವರೊಡನೆ ಭಾರತ, ಬರ್ಮಾ, ಸಿಂಹಳಗಳ ಬೇಟೆಯ ಹಕ್ಕಿಗಳನ್ನು ಕುರಿತ ಮೂರು ಸಂಪುಟಗಳನ್ನು 1879ರಿಂದ 1881ರವರೆಗೆ ಪ್ರಕಟಿಸಿದರು. ಅದರ ಕೆಲವು ಚಿತ್ರಗಳು ಚೆನ್ನಾಗಿಲ್ಲವೆಂದು ತಮ್ಮ ಗ್ರಂಥದಲ್ಲಿ ತಾವೇ ಒಪ್ಪಿಕೊಂಡ ಪ್ರಾಮಾಣಿಕರು ಅವರು.

ಇದೇ ನಿಷ್ಠುರತೆ ಸರ್ಕಾರಕ್ಕೆ ಹಿಡಿಸಲಿಲ್ಲ. 1879ರಲ್ಲಿ ಕಾರ್ಯದರ್ಶಿ ಪದವಿ ಹೋಯಿತು. 1882ರಲ್ಲಿ ಅವರು ನೌಕರಿಯನ್ನೇ ಬಿಟ್ಟರು. ಇನ್ನುಳಿದದ್ದು ಭಾರತದ ಸಮಸ್ತ ಪಕ್ಷಿಗಳನ್ನೂ ಕುರಿತ ಮಹಾಗ್ರಂಥದ ಕನಸು. ಅದಕ್ಕಾಗಿ ದಶಕಗಳ ಟಿಪ್ಪಣಿಗಳು ರಾಶಿಯಾಗಿದ್ದವು. 1884ರ ಚಳಿಗಾಲದಲ್ಲಿ ಅವರು ಊರಲ್ಲಿಲ್ಲದಾಗ ಮನೆಯ ಆಳು ಆ ಹಸ್ತಪ್ರತಿಗಳನ್ನು ಸಿಮ್ಲಾದ ಅಂಗಡಿಬೀದಿಯಲ್ಲಿ ರದ್ದಿಗೆ ಮಾರಿಬಿಟ್ಟನು.

ಹ್ಯೂಮರು ಮತ್ತೆ ಬರೆಯಲು ಕುಳಿತುಕೊಳ್ಳಲಿಲ್ಲ. ಚರ್ಮ, ಮೊಟ್ಟೆಗಳೆರಡೂ ಸೇರಿ ಎಂಬತ್ತು ಸಾವಿರವನ್ನು ಮೀರಿದ್ದ ಸಂಗ್ರಹವನ್ನು 1885ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನವಿತ್ತರು. ಉಳಿದ ಟಿಪ್ಪಣಿಗಳನ್ನು ಓಟ್ಸ್ ಎಂಬ ವಿದ್ವಾಂಸರಿಗೆ ಒಪ್ಪಿಸಿದರು. ಅದೇ ವರ್ಷ ಡಿಸೆಂಬರ್ 28ರಂದು ಮುಂಬಯಿಯಲ್ಲಿ 72 ಪ್ರತಿನಿಧಿಗಳ ಕಾಂಗ್ರೆಸ್ ಸೇರಿತು.

ರದ್ದಿಯವನೇ ಕಾಂಗ್ರೆಸ್ಸಿಗೆ ಕಾರಣನೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಅಲ್ಲ, ಪ್ರಜೆಗಳ ಚಿಂತೆ ಇಟಾವಾದ ದಿನಗಳಿಂದಲೂ ಅವರಲ್ಲಿ ಇತ್ತು. ಥಿಯಾಸಫಿಯ ಸಂಪರ್ಕದಿಂದ ಅವರು ಮಾಂಸಾಹಾರವನ್ನು ತೊರೆದದ್ದೂ ಈ ನಷ್ಟಕ್ಕಿಂತ ಮುಂಚೆಯೇ. ಅಷ್ಟು ಸಾವಿರ ಹಕ್ಕಿಗಳ ಚರ್ಮವನ್ನು ಕೂಡಿಹಾಕಿದ ಕೈ ಕೊನೆಗೆ ಗಿಡಮೂಲಿಕೆಗಳತ್ತ ತಿರುಗಿತು. 1910ರಲ್ಲಿ ಲಂಡನ್ನಿನ ದಕ್ಷಿಣ ಭಾಗದಲ್ಲಿ ಸಸ್ಯಶಾಸ್ತ್ರಸಂಸ್ಥೆಯೊಂದನ್ನು ಸ್ಥಾಪಿಸಿ, 1912ರಲ್ಲಿ ಅವರು ತೀರಿಕೊಂಡರು.

ಪೊನ್ನನ ಕಾವ್ಯವನ್ನು ಕಳೆದುಕೊಂಡದ್ದು ನಾವು. ಕವಿ ಆ ದುಃಖವನ್ನು ಕಾಣಲಿಲ್ಲ. ಹ್ಯೂಮರಾದರೋ ತಮ್ಮ ಗ್ರಂಥದ ನಾಶವನ್ನು ಬದುಕಿರುವಾಗಲೇ ಕಂಡರು. ಕಂಡೂ, ಕೈಯಲ್ಲಿ ಉಳಿದುದನ್ನು ಬಚ್ಚಿಡದೆ ಇನ್ನೊಬ್ಬರಿಗೆ ಕೊಟ್ಟರು. ಹಳೆಯ ಓಲೆಯ ಕಟ್ಟನ್ನು ಯಾರಿಗೂ ತೋರದೆ ಅಟ್ಟದ ಮೇಲೆ ಕಾಪಾಡುವ ಮನೆಗಳನ್ನು ಕಂಡಾಗ ನಾನು ಈ ಮಾತನ್ನು ನೆನೆಯುತ್ತೇನೆ.